ಕೆಟ್ಟ ವೈನಿನೊಳಗೆ ಇಣುಕಿದ ಲೂಯಿ ಪಾಶ್ಚರ್

ದ್ರಾಕ್ಷಿ ಹಿಸುಕಿ, ಸಕ್ಕರೆ ಸುರಿದು, ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ಇಪ್ಪತ್ತೊಂದು ದಿನ ಇಟ್ಟರೆ ವೈನ್ ರೆಡಿ. ಡಿಸೆಂಬರ್ ಬಂತೆಂದರೆ ಯಾರಾದರೂ ಒಬ್ಬರು ಈ ವಿಧಾನವನ್ನು ಗ್ರೂಪಿಗೆ ಹಾಕೇ ಹಾಕ್ತಾರೆ. ಒಂದು ಮನೆಯಲ್ಲಿ ಇದು ಸರಿಯಾಗಿ ಆಗುತ್ತದೆ ಕೂಡ. ಪಕ್ಕದ ಮನೆಯಲ್ಲಿ ಅದೇ ಅಳತೆ, ಅಂಥದ್ದೇ ಜಾಡಿ, ಅಷ್ಟೇ ದಿನ, ಆದರೆ ಬಟ್ಟೆ ಬಿಚ್ಚಿದರೆ ಮೂಗಿಗೆ ಹೊಡೆಯುವುದು ವಿನೆಗರ್. ಮೂರನೇ ಮನೆಯಲ್ಲಿ ಬಾಟಲಿ ಒಡೆದು ಗೋಡೆಯೆಲ್ಲ ನೇರಳೆ. ಮೂವರೂ ದ್ರಾಕ್ಷಿಯನ್ನೇ ಬೈಯುತ್ತಾರೆ.

ಸುಮಾರು 160 ವರ್ಷಗಳ ಹಿಂದೆ ಫ್ರಾನ್ಸ್ ದೇಶವಿಡೀ ಹೀಗೇ ತಲೆ ಕೆಡಿಸಿಕೊಂಡಿತ್ತು. ಆಗ ಉತ್ತರ ಹುಡುಕಿ ಕೊಟ್ಟವರ ಹೆಸರನ್ನು ನಾವು ದಿನಾ ಬೆಳಿಗ್ಗೆ ಹಾಲಿನ ಪ್ಯಾಕೆಟ್ ಮೇಲೆ ಓದ್ತೀವಿ, ಆದರೆ ಹೆಸರು ಅಂತ ಗುರುತಿಸೋದಿಲ್ಲ. ಪಾಶ್ಚರೀಕರಿಸಿದ ಅನ್ನೋ ಪದದೊಳಗೆ ಕೂತಿರುವ ಮನುಷ್ಯ ಲೂಯಿ ಪಾಶ್ಚರ್. ಹುಚ್ಚುನಾಯಿ ಕಡಿತದ ಲಸಿಕೆಯಿಂದಾಗಿ ಅವರನ್ನು ನಾವು ವೈದ್ಯರು ಅಂದುಕೊಂಡಿರುತ್ತೇವೆ. ಅವರು ವೈದ್ಯರಲ್ಲ, ರಸಾಯನಶಾಸ್ತ್ರದವರು. ಅವರ ದಾರಿ ಶುರುವಾದದ್ದು ವೈನ್ ಪೀಪಾಯಿಯ ತಳದ ಗಸಿಯಿಂದ.

ನಮ್ಮ ಕಾಲೇಜಿಗೆ ಹುಲಗೂರು, ಬಂಕಾಪುರ, ಸವಣೂರು, ಹಾನಗಲ್ ಕಡೆಯಿಂದ ಬರುವ ಹೆಚ್ಚಿನವರ ಮನೆಯಲ್ಲಿ ವೈನ್ ಮಾಡುವ ರೂಢಿ ಇಲ್ಲ. ಹಾಗಂತ ಹುದುಗು ಅಂದರೆ ಏನು ಅಂತ ಹುಲಗೂರಿನ ಯಾವ ಅಡುಗೆಮನೆಗೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಮೊಸರು ಲೋಳೆಲೋಳೆ ಆದರೆ ಅವ್ವ ಎಮ್ಮೆಯನ್ನು ಬೈಯೋದಿಲ್ಲ. ಹೆಪ್ಪು ಕೆಟ್ಟೈತಿ ಅಂತ ತಿಳಿದು ಪಕ್ಕದ ಮನೆಯಿಂದ ಬೇರೆ ಹೆಪ್ಪು ತರಿಸುತ್ತಾಳೆ. ಹಾಲು ಒಂದೇ ಇದ್ದರೂ ಅದರೊಳಗೆ ಏನು ಬಿತ್ತು ಅನ್ನೋದರ ಮೇಲೆ ಫಲ ಬೇರೆಯಾಗುತ್ತದೆ. ಈ ಒಂದು ತಿಳಿವಳಿಕೆಯನ್ನು ಯುರೋಪಿನ ಘಟಾನುಘಟಿ ವಿಜ್ಞಾನಿಗಳ ಎದುರು ಸಾಬೀತು ಮಾಡಲಿಕ್ಕೆ ಪಾಶ್ಚರ್ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಸವೆಸಿದರು.

ತೊಗಲು ಹದ ಮಾಡುವವರ ಮನೆಯ ಹುಡುಗ

1822ರ ಡಿಸೆಂಬರ್ 27ರಂದು ಪೂರ್ವ ಫ್ರಾನ್ಸಿನ ಜೂರಾ ಪ್ರಾಂತ್ಯದ ದೋಲ್ ಎಂಬ ಊರಿನಲ್ಲಿ ಪಾಶ್ಚರ್ ಹುಟ್ಟಿದರು. ತಂದೆ ನೆಪೋಲಿಯನ್ನನ ಸೈನ್ಯದಲ್ಲಿ ಸಾರ್ಜೆಂಟ್ ಆಗಿದ್ದು ಬಂದವರು, ಆಮೇಲೆ ತೊಗಲು ಹದ ಮಾಡುವ ಕಸುಬು ಹಿಡಿದವರು. ಲೂಯಿ ಇನ್ನೂ ಚಿಕ್ಕವನಿದ್ದಾಗಲೇ ಮನೆಯವರು ಅರ್ಬ್ವಾ ಎಂಬ ಸಣ್ಣ ಪಟ್ಟಣಕ್ಕೆ ಬಂದು ನೆಲೆಸಿದರು. ಅರ್ಬ್ವಾ ಅಂದರೆ ಸುತ್ತ ಗುಡ್ಡದ ಇಳಿಜಾರಿನಲ್ಲೆಲ್ಲ ದ್ರಾಕ್ಷಿ ತೋಟ, ಮನೆಯ ನೆಲಮಾಳಿಗೆಗಳಲ್ಲಿ ಪೀಪಾಯಿ. ಪ್ಲೂಸಾರ್, ಟ್ರೂಸೋ, ಸವಾನ್ಯಾ ಅಂತ ಆ ಕಡೆಯವೇ ಆದ ದ್ರಾಕ್ಷಿ ತಳಿಗಳು. ವೈನ್ ಒಳ್ಳೆಯದಾದರೆ ವರ್ಷ ಒಳ್ಳೆಯದು, ಕೆಟ್ಟರೆ ಸಾಲ. ಅಂಥ ಊರಲ್ಲಿ ಹುಡುಗ ಬೆಳೆದ.

ಶಾಲೆಯಲ್ಲಿ ಆತ ಮಿಂಚಿದ್ದು ಚಿತ್ರ ಬರೆಯುವುದರಲ್ಲಿ. ಹದಿನೈದು ತುಂಬಿದಾಗ ಓದಲು ಪ್ಯಾರಿಸ್ಸಿಗೆ ಕಳಿಸಿದರೆ ಮನೆಯ ನೆನಪು ತಾಳದೆ ಕೆಲವೇ ವಾರಗಳಲ್ಲಿ ತಂದೆಯೇ ಹೋಗಿ ಕರೆತರಬೇಕಾಯ್ತು. ಹಾಸ್ಟೆಲ್ಲಿನ ಮೊದಲ ಸೆಮಿಸ್ಟರ್ ನೆನಪಿದ್ದವರಿಗೆ ಇದು ಅರ್ಥವಾಗುತ್ತದೆ. 1842ರ ಪದವಿ ಪರೀಕ್ಷೆಯಲ್ಲಿ ರಸಾಯನಶಾಸ್ತ್ರಕ್ಕೆ ಸಾಧಾರಣ ಅನ್ನೋ ದರ್ಜೆ ಬಂತು. ಅದೇ ವರ್ಷ ಪ್ಯಾರಿಸ್ಸಿನ ಹೆಸರಾಂತ ಎಕೋಲ್ ನೋರ್ಮಾಲ್ ಪ್ರವೇಶ ಪರೀಕ್ಷೆಯಲ್ಲಿ ರ್‍ಯಾಂಕ್ 15ನೇದು ಬಂತು. ಸೀಟು ಸಿಗುವಷ್ಟಿತ್ತು, ಆದರೂ ಅದನ್ನು ಬಿಟ್ಟು ಒಂದು ವರ್ಷ ಮತ್ತೆ ಓದಿ 1843ರಲ್ಲಿ ನಾಲ್ಕನೆಯವರಾಗಿ ಒಳಗೆ ಹೋದರು. ಬಂದ ಫಲಿತಾಂಶಕ್ಕೆ ಸಮಾಧಾನ ಪಟ್ಟುಕೊಳ್ಳದ ಈ ಸ್ವಭಾವ ಕೊನೆತನಕ ಅವರ ಜೊತೆಗಿತ್ತು.

ಪೀಪಾಯಿಯ ಹರಳು

ವೈನ್ ಹಳೆಯದಾದಂತೆ ಪೀಪಾಯಿಯ ಒಳಗೋಡೆಗೆ ಹರಳು ಕಟ್ಟುತ್ತದೆ. ಮನೆಯಲ್ಲಿ ವೈನ್ ಮಾಡಿ ಫ್ರಿಜ್‌ನಲ್ಲಿ ಇಟ್ಟವರು ತಳದಲ್ಲಿ ಮಿಣಮಿಣ ಚೂರು ಕಂಡು ಗಾಜು ಬಿದ್ದಿದೆ ಅಂತ ಗಾಬರಿಯಾಗೋದು, ಇಲ್ಲವೇ ಸಕ್ಕರೆ ಕರಗಿಲ್ಲ ಅಂತ ಕಲಕೋದು ಇದನ್ನೇ ನೋಡಿ. ಅದು ಗಾಜೂ ಅಲ್ಲ, ಸಕ್ಕರೆಯೂ ಅಲ್ಲ, ದ್ರಾಕ್ಷಿಯದೇ ಟಾರ್ಟಾರಿಕ್ ಆಮ್ಲದ ಪೊಟ್ಯಾಸಿಯಂ ಲವಣ. ತಂಪಿನಲ್ಲಿ ಇದರ ಕರಗುವಿಕೆ ಕಡಿಮೆಯಾಗಿ ಹರಳಾಗಿ ಬೀಳುತ್ತದೆ.

ಬಟ್ಟೆಗೆ ಬಣ್ಣ ಹಾಕುವ ಉದ್ಯಮಕ್ಕೆ ಈ ಆಮ್ಲ ಬೇಕಿತ್ತು. 1820ರ ಹೊತ್ತಿಗೆ ಥಾನ್ ಎಂಬ ಊರಿನ ಕೆಸ್ಟ್ನರ್ ಅವರ ಕಾರ್ಖಾನೆಯಲ್ಲಿ ಟಾರ್ಟಾರಿಕ್ ಆಮ್ಲದ ಜೊತೆಗೆ ಇನ್ನೊಂದು ವಿಚಿತ್ರ ಆಮ್ಲವೂ ಬಂತು. ಅದರ ರಾಸಾಯನಿಕ ಲೆಕ್ಕವೆಲ್ಲ ಟಾರ್ಟಾರಿಕ್ ಆಮ್ಲದ್ದೇ, ಗುಣ ಮಾತ್ರ ಬೇರೆ. ಟಾರ್ಟಾರಿಕ್ ಆಮ್ಲದ ದ್ರಾವಣ ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸುತ್ತಿತ್ತು, ಈ ಹೊಸದು ಎತ್ತಲೂ ತಿರುಗಿಸುತ್ತಿರಲಿಲ್ಲ. ದ್ರಾಕ್ಷಿ ಗೊಂಚಲಿನ ಲ್ಯಾಟಿನ್ ಪದದಿಂದ ಇದಕ್ಕೆ ರೇಸಿಮಿಕ್ ಆಮ್ಲ ಅಂತ ಹೆಸರಾಯ್ತು. ಕೆಮಿಸ್ಟ್ರಿಯಲ್ಲಿ ನಾವು ಬಾಯಿಪಾಠ ಮಾಡುವ ರೇಸಿಮಿಕ್ ಮಿಶ್ರಣ ಅನ್ನೋ ಮಾತಿನ ಮೂಲವೂ ಇದೇ ಗೊಂಚಲು.

1848ರಲ್ಲಿ, ಇನ್ನೂ 25 ವರ್ಷದ ಪಾಶ್ಚರ್, ಈ ಆಮ್ಲದ ಸೋಡಿಯಂ ಅಮೋನಿಯಂ ಲವಣವನ್ನು ಹರಳುಗಟ್ಟಿಸಿ ನೋಡಿದರು. ಹರಳಿನಲ್ಲಿ ಎರಡು ಬಗೆ ಇದ್ದವು. ಎಡಗೈ ಬಲಗೈ ಇದ್ದಂತೆ, ಒಂದು ಇನ್ನೊಂದರ ಕನ್ನಡಿಬಿಂಬ. ಅವುಗಳನ್ನು ಕೈಯಿಂದ ಒಂದೊಂದಾಗಿ ಆರಿಸಿ, ಬೇರೆ ಬೇರೆ ಕರಗಿಸಿ ನೋಡಿದರೆ ಒಂದು ಬೆಳಕನ್ನು ಬಲಕ್ಕೆ, ಇನ್ನೊಂದು ಎಡಕ್ಕೆ ತಿರುಗಿಸಿತು. ಸಮಸಮ ಬೆರೆಸಿದರೆ ಸೊನ್ನೆ. ಅಣುವಿಗೂ ಎಡ ಬಲ ಇದೆ ಅನ್ನೋದು ಹೀಗೆ ತಿಳಿಯಿತು. ಹಿರಿಯ ವಿಜ್ಞಾನಿ ಬಿಯೋ ನಂಬಲಿಲ್ಲ. ತಮ್ಮದೇ ರಾಸಾಯನಿಕ ಕೊಟ್ಟು, ತಮ್ಮ ಕಣ್ಣೆದುರೇ ಮತ್ತೆ ಮಾಡಿಸಿದರು. ಮತ್ತೆ ಹಾಗೇ ಬಂತು. ಇಲ್ಲಿ ಅದೃಷ್ಟವೂ ಇತ್ತು. ಈ ಲವಣ ಸುಮಾರು 26ರಿಂದ 28 ಡಿಗ್ರಿಗಿಂತ ತಂಪಿದ್ದರಷ್ಟೇ ಎರಡು ಬಗೆಯಾಗಿ ಬೇರ್ಪಡುತ್ತದೆ. ಪ್ಯಾರಿಸ್ಸಿನ ಹವೆ ಅದಕ್ಕೆ ಒದಗಿಬಂತು. ನಮ್ಮ ಕಡೆ ಏಪ್ರಿಲ್‌ನಲ್ಲಿ ಮಾಡಿದ್ದರೆ ಕಾಣುತ್ತಿರಲಿಲ್ಲ.

ಆದರೆ ಕೆಸ್ಟ್ನರ್‌ಗೆ ಆ ಆಮ್ಲ ಎರಡನೇ ಸಲ ಸಿಗಲಿಲ್ಲ. ಅದೇ ವಿಧಾನ, ಅದೇ ಕಾರ್ಖಾನೆ, ಫಲ ಮಾತ್ರ ಬೇರೆ. 1852ರಲ್ಲಿ ಪಾಶ್ಚರ್ ಇದರ ಜಾಡು ಹಿಡಿದು ಲೈಪ್‌ಜಿಗ್, ಡ್ರೆಸ್ಡೆನ್, ವಿಯೆನ್ನಾ, ಪ್ರಾಗ್ ಅಂತ ಕಾರ್ಖಾನೆಯಿಂದ ಕಾರ್ಖಾನೆಗೆ ಅಲೆದರು. ಗುಟ್ಟು ಕಚ್ಚಾ ಸಾಮಗ್ರಿಯಲ್ಲಿತ್ತು. ಕೆಲವು ಸೀಮೆಗಳ ಕಚ್ಚಾ ಗಸಿಯಲ್ಲಿ ಈ ಆಮ್ಲ ಇರುತ್ತಿತ್ತು, ಅರ್ಧ ಶುದ್ಧ ಮಾಡಿದ ಗಸಿ ತಂದಾಗ ಅದು ಮೊದಲೇ ತೊಳೆದುಹೋಗಿರುತ್ತಿತ್ತು. ವಿಧಾನ ಬರೆದಿಟ್ಟರಷ್ಟೇ ಸಾಲದು, ಯಾವ ಊರಿನ ಯಾವ ದ್ರಾಕ್ಷಿಯ ಗಸಿ ಅನ್ನೋದನ್ನೂ ಬರೆದಿಡಬೇಕು ಅನ್ನೋ ಪಾಠ ಅವರಿಗೆ ಆ ತಿರುಗಾಟದಲ್ಲಿ ಸಿಕ್ಕಿತು.

ಹುಳಿಯಾದ ಬೀಟ್‌ರೂಟ್ ರಸ

ನಡುವೆ 1849ರಲ್ಲಿ ಸ್ಟ್ರಾಸ್‌ಬೂರ್ಗ್‌ನಲ್ಲಿ ಪಾಠ ಮಾಡುವಾಗ ಮಾರಿ ಲೊರಾಂ ಅವರ ಜೊತೆ ಮದುವೆಯಾಯ್ತು. 1854ರಲ್ಲಿ ಲಿಲ್ ನಗರದ ಹೊಸ ವಿಜ್ಞಾನ ಕಾಲೇಜಿಗೆ ಡೀನ್ ಆಗಿ ಹೋದರು. ಆಗ ವಯಸ್ಸು 31. ಸುತ್ತೆಲ್ಲ ಕಾರ್ಖಾನೆಗಳು. 1856ರಲ್ಲಿ ಅವರ ವಿದ್ಯಾರ್ಥಿಯೊಬ್ಬನ ತಂದೆ ಬಿಗೋ ಅವರು ತೊಂದರೆ ಹೇಳಿಕೊಂಡು ಬಂದರು. ಬೀಟ್‌ರೂಟ್ ರಸದಿಂದ ಆಲ್ಕೋಹಾಲ್ ಮಾಡುವ ಅವರ ಕಾರ್ಖಾನೆಯಲ್ಲಿ ಕೆಲವು ತೊಟ್ಟಿ ಸರಿ, ಕೆಲವು ತೊಟ್ಟಿ ಹುಳಿ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ.

ಆಗಿನ ದೊಡ್ಡ ರಸಾಯನಶಾಸ್ತ್ರಜ್ಞ, ಜರ್ಮನಿಯ ಲೀಬಿಗ್ ಅವರ ಪ್ರಕಾರ ಹುದುಗು ಬರುವುದು ಬರೀ ರಾಸಾಯನಿಕ ಕ್ರಿಯೆ. ಕೊಳೆಯುತ್ತಿರುವ ವಸ್ತುವಿನ ಕಂಪನ ಸಕ್ಕರೆಯನ್ನು ಒಡೆಯುತ್ತದೆ, ಯೀಸ್ಟ್ ಬದುಕಿರಬೇಕಿಲ್ಲ. ಪಾಶ್ಚರ್ ವಾದಕ್ಕೆ ಕೂರಲಿಲ್ಲ. ದಿನಾ ತೊಟ್ಟಿಯ ರಸ ತಂದು ಮೈಕ್ರೋಸ್ಕೋಪಿನ ಕೆಳಗೆ ಇಟ್ಟರು. ಸರಿಯಿದ್ದ ತೊಟ್ಟಿಯಲ್ಲಿ ದುಂಡನೆಯ ಯೀಸ್ಟ್ ಕಣಗಳು. ಕೆಡುತ್ತಿದ್ದ ತೊಟ್ಟಿಯಲ್ಲಿ ಬೇರೆಯೇ ಆಕಾರದ, ಉದ್ದನೆಯ ಕಣಗಳು. ಅಲ್ಲಿ ಆಲ್ಕೋಹಾಲ್ ಬದಲು ಲ್ಯಾಕ್ಟಿಕ್ ಆಮ್ಲ, ಅಂದರೆ ಮೊಸರಿನ ಹುಳಿ.

ನಮಗೆ ಈ ಘಟ್ಟವೇ ಮುಖ್ಯ ಅನ್ನಿಸುತ್ತದೆ. ಕಾರ್ಖಾನೆಯವರ ಕಣ್ಣಿಗೆ ಹುಳಿ ತೊಟ್ಟಿ ಕೆಟ್ಟುಹೋದ ಆಲ್ಕೋಹಾಲ್. ಪಾಶ್ಚರ್ ಅದರಲ್ಲಿ ಕಂಡದ್ದು ಸರಿಯಾಗಿಯೇ ನಡೆದ ಇನ್ನೊಂದು ಹುದುಗು. ಅಲ್ಲಿ ತಪ್ಪು ಕೆಲಸ ಯಾವುದೂ ಆಗಿರಲಿಲ್ಲ, ಕರೆಯದ ಕೆಲಸಗಾರ ಬಂದು ತನ್ನ ಕೆಲಸ ತಾನು ಮಾಡಿ ಮುಗಿಸಿದ್ದ. 1857ರಲ್ಲಿ ಲ್ಯಾಕ್ಟಿಕ್ ಹುದುಗಿನ ಮೇಲೆ, 1860ರಲ್ಲಿ ಆಲ್ಕೋಹಾಲ್ ಹುದುಗಿನ ಮೇಲೆ ಅವರ ಪ್ರಬಂಧಗಳು ಬಂದವು. ಒಂದೊಂದು ಹುದುಗಿಗೆ ಒಂದೊಂದು ಜೀವಿ ಅನ್ನೋದು ಅವುಗಳ ಸಾರ. 180 ಗ್ರಾಂ ದ್ರಾಕ್ಷಿ ಸಕ್ಕರೆಗೆ 92 ಗ್ರಾಂ ಆಲ್ಕೋಹಾಲ್, 88 ಗ್ರಾಂ ಇಂಗಾಲದ ಡೈಆಕ್ಸೈಡ್ ಅಂತ ಸಮೀಕರಣ ಹೇಳುತ್ತದೆ. ಪಾಶ್ಚರ್ ಅಳೆದು ನೋಡಿದಾಗ ಲೆಕ್ಕ ಪೂರ್ತಿ ಕೂಡಲಿಲ್ಲ, ಗ್ಲಿಸರಿನ್ ಮತ್ತು ಸಕ್ಸಿನಿಕ್ ಆಮ್ಲವೂ ಸ್ವಲ್ಪ ಬಂದಿದ್ದವು. ಯೀಸ್ಟ್ ತಾನೂ ಉಂಡು ಬೆಳೆಯುವ ಜೀವಿ ಅನ್ನೋದಕ್ಕೆ ಅದೂ ಒಂದು ಸಾಕ್ಷಿಯಾಯ್ತು.

ಬಾಟಲಿ ಯಾಕೆ ಸಿಡಿಯುತ್ತದೆ ಅನ್ನೋದಕ್ಕೂ ಉತ್ತರ ಇದೇ ಸಮೀಕರಣದಲ್ಲಿದೆ. ಒಂದು ಕೆಜಿ ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು 250 ಲೀಟರ್ ಅನಿಲ. ಅದನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿ ಹಿಡಿದಿಡ್ತೀವಿ ಅಂದರೆ ಪ್ರೆಶರ್ ವೆಸೆಲ್ ಡಿಸೈನ್ ಓದಿದ ಮೆಕ್ಯಾನಿಕಲ್‌ನವರನ್ನು ಒಂದು ಮಾತು ಕೇಳಿ.

ಅರ್ಬ್ವಾದ ಹಳೇ ಕಾಫಿ ಕೋಣೆ

1860ರಲ್ಲಿ ಇಂಗ್ಲೆಂಡಿನ ಜೊತೆ ವ್ಯಾಪಾರ ಒಪ್ಪಂದವಾಗಿ ಫ್ರಾನ್ಸಿನ ವೈನ್ ಹೊರಗೆ ಹೋಗತೊಡಗಿತು. ಹೋದದ್ದು ದಾರಿಯಲ್ಲೇ ಕೆಡುತ್ತಿತ್ತು. ಒಂದು ಹುಳಿ, ಒಂದು ಕಹಿ, ಒಂದು ಎಣ್ಣೆಯಂತೆ ಲೋಳೆ. 1863ರಲ್ಲಿ ಚಕ್ರವರ್ತಿ ಮೂರನೇ ನೆಪೋಲಿಯನ್ ಇದನ್ನು ನೋಡಿ ಅಂತ ಪಾಶ್ಚರ್‌ಗೆ ಒಪ್ಪಿಸಿದರು. ಪಾಶ್ಚರ್ ಶಿಷ್ಯರನ್ನು ಕಟ್ಟಿಕೊಂಡು ತಮ್ಮೂರು ಅರ್ಬ್ವಾಕ್ಕೇ ಬಂದರು. ಹಳೆಯ ಕಾಫಿ ಅಂಗಡಿಯ ಕೋಣೆಯೇ ಲ್ಯಾಬ್. ಅನಿಲದ ಒಲೆ ಇಲ್ಲ, ನಲ್ಲಿ ಇಲ್ಲ. ಸಲಕರಣೆ ಮಾಡಿಕೊಟ್ಟವರು ಊರಿನ ಬಡಿಗರು ಮತ್ತು ತಗಡಿನ ಕೆಲಸದವರು.

ಬಾಲ್ಯದ ಗೆಳೆಯರ ನೆಲಮಾಳಿಗೆಯಿಂದ ಕೆಟ್ಟ ವೈನಿನ ಬಾಟಲಿಗಳು ಬಂದವು. ಪಾಶ್ಚರ್ ಒಂದೊಂದರ ಹನಿ ನೋಡಿ ಒಳಗಿರುವ ಜೀವಿಯ ಚಿತ್ರ ಬರೆದಿಟ್ಟರು. ಹುಡುಗನಾಗಿದ್ದಾಗ ಕಲಿತ ಚಿತ್ರಕಲೆ ಇಲ್ಲಿ ಕೆಲಸಕ್ಕೆ ಬಂತು. ಪ್ರತಿ ರೋಗಕ್ಕೂ ಬೇರೆ ಆಕಾರ. ಕೆಲವು ದಿನದಲ್ಲಿ ರುಚಿ ನೋಡದೆ, ಬರೀ ಹನಿ ನೋಡಿ ಯಾವ ವೈನ್ ಹೇಗೆ ಕೆಟ್ಟಿದೆ ಅಂತ ಹೇಳುವಷ್ಟಾದರು. ಹುಳಿ ಹಿಡಿದದ್ದಕ್ಕೆ ಕಾರಣ ವಿನೆಗರ್ ಜೀವಿ. ಅದಕ್ಕೆ ಗಾಳಿ ಬೇಕು. ಜಾಡಿಗೆ ಬಟ್ಟೆ ಕಟ್ಟಿ ತಿಂಗಳುಗಟ್ಟಲೆ ಬಿಟ್ಟರೆ, ಪೀಪಾಯಿಯನ್ನು ಅರ್ಧ ಖಾಲಿ ಇಟ್ಟರೆ, ಅದಕ್ಕೆ ಹಬ್ಬ. ಹುದುಗುವಾಗ ಅನಿಲ ಹೊರಗೆ ಹೋಗಬೇಕು, ಹುದುಗು ಮುಗಿದ ಮೇಲೆ ಗಾಳಿ ಒಳಗೆ ಬರಬಾರದು. ಮನೆಯ ವೈನ್ ಕೆಡುವುದರಲ್ಲಿ ಹೆಚ್ಚಿನ ಪಾಲು ಈ ಎರಡನ್ನು ಅದಲುಬದಲು ಮಾಡಿದ್ದಕ್ಕೇ.

ಪರಿಹಾರಕ್ಕೆ ಮೊದಲು ಔಷಧ ಬೆರೆಸಿ ನೋಡಿದರು, ಆಗಲಿಲ್ಲ. ಆಮೇಲೆ ಮುಚ್ಚಿದ ಬಾಟಲಿಯನ್ನು 50ರಿಂದ 60 ಡಿಗ್ರಿಯವರೆಗೆ ಸ್ವಲ್ಪ ಹೊತ್ತು ಬಿಸಿ ಮಾಡಿದರು. ಕುದಿಸುವುದು ಬೇಡ, ಅಷ್ಟೇ ಸಾಕು. ವೈನಿನಲ್ಲಿ ಆಮ್ಲವೂ ಆಲ್ಕೋಹಾಲೂ ಇರುವುದರಿಂದ ಅಷ್ಟು ಬಿಸಿಗೇ ಕೆಡಿಸುವ ಜೀವಿಗಳು ಸಾಯುತ್ತವೆ. 1865ರಲ್ಲಿ ಪೇಟೆಂಟ್ ಮಾಡಿಸಿ, ದುಡ್ಡು ಮಾಡಲು ಹೋಗದೆ, ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ಆಹಾರವನ್ನು ಡಬ್ಬಿಯಲ್ಲಿ ಬಿಸಿ ಮಾಡಿ ಕಾಪಾಡುವುದನ್ನು ಆಪೇರ್ ಎಂಬುವರು ಮೊದಲೇ ತೋರಿಸಿದ್ದರು, ಅದನ್ನು ಪಾಶ್ಚರ್ ಒಪ್ಪಿಕೊಂಡರು. ಯಾಕೆ ಹಾಗಾಗುತ್ತದೆ ಅನ್ನೋ ಕಾರಣ ಕೊಟ್ಟದ್ದು ಅವರದೇ ಕೆಲಸ.

ಬಿಸಿ ಮಾಡಿದರೆ ರುಚಿ ಹೋಗುತ್ತದೆ ಅಂತ ವೈನ್ ತಜ್ಞರು ಗಲಾಟೆ ಎಬ್ಬಿಸಿದರು. ಪಾಶ್ಚರ್ ರುಚಿ ಪರೀಕ್ಷೆಗೆ ಕೂರಿಸಿದರು. ಒಮ್ಮೆ ಒಂದೇ ವೈನನ್ನು ಎರಡು ಲೋಟದಲ್ಲಿ ಕೊಟ್ಟಾಗಲೂ ತಜ್ಞರು ವ್ಯತ್ಯಾಸ ಹೇಳಿದರು. ನಾಲಿಗೆಗೂ ಪೂರ್ವಗ್ರಹ ಇರುತ್ತದೆ ಅನ್ನೋದು ಅಲ್ಲಿಗೆ ಗೊತ್ತಾಯ್ತು. 1866ರಲ್ಲಿ ವೈನಿನ ಮೇಲೆ ಅವರ ಪುಸ್ತಕ ಬಂತು. ಮುಂದೆ ಈ ವಿಧಾನ ವೈನಿಗಿಂತ ಬಿಯರಿಗೆ, ಅದಕ್ಕಿಂತ ಹೆಚ್ಚಾಗಿ ಹಾಲಿಗೆ ಬಳಕೆಯಾಯ್ತು.

ಸಾವು, ರೇಷ್ಮೆ, ಪಾರ್ಶ್ವವಾಯು

ಇಷ್ಟು ಓದಿ ಅವರ ಬದುಕು ಗೆಲುವಿನ ಸಾಲು ಅಂದುಕೊಂಡರೆ ತಪ್ಪು. 1859ರಲ್ಲಿ ಹಿರಿಯ ಮಗಳು ಜಾನ್ ಅದೇ ಅರ್ಬ್ವಾದಲ್ಲಿ ವಿಷಮಜ್ವರದಿಂದ ತೀರಿಹೋದಳು. 1865ರಲ್ಲಿ ತಂದೆ ಹೋದರು, ಕೆಲವೇ ತಿಂಗಳಲ್ಲಿ ಎರಡು ವರ್ಷದ ಕಮೀಯ್. ಮರುವರ್ಷ ಹನ್ನೆರಡರ ಸೆಸೀಲ್, ಅವಳೂ ವಿಷಮಜ್ವರಕ್ಕೆ. ಐದು ಮಕ್ಕಳಲ್ಲಿ ಇಬ್ಬರು ಉಳಿದರು. ಆ ವರ್ಷಗಳಲ್ಲೇ ಸರ್ಕಾರ ಅವರನ್ನು ದಕ್ಷಿಣದ ಅಲೆಸ್‌ಗೆ ರೇಷ್ಮೆಹುಳುವಿನ ರೋಗ ನೋಡಲು ಕಳಿಸಿತ್ತು. ಮೊದಲು ಅವರು ಪೆಬ್ರಿನ್ ರೋಗದ ಕಣಗಳನ್ನು ಹುಳುವಿನ ಒಳಗಿನದೇ ವಿಕಾರ ಅಂತ ತಪ್ಪು ತಿಳಿದರು. ಹೆಚ್ಚೂಕಡಿಮೆ ಎರಡು ವರ್ಷ ಆ ತಪ್ಪಿನಲ್ಲೇ ಕಳೆಯಿತು. ಆಮೇಲೆ ಅದು ಹೊರಗಿನಿಂದ ಬಂದ ಪರಾವಲಂಬಿ ಅಂತ ಒಪ್ಪಿ, ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡಿ, ರೋಗವಿದ್ದರೆ ಮೊಟ್ಟೆಯನ್ನೇ ಎಸೆಯುವ ವಿಧಾನ ತಂದರು. ನಮ್ಮ ರಾಜ್ಯದ ರೇಷ್ಮೆ ಮೊಟ್ಟೆ ಕೇಂದ್ರಗಳಲ್ಲಿ ಇವತ್ತಿಗೂ ತಾಯಿ ಚಿಟ್ಟೆ ಪರೀಕ್ಷೆ ನಡೆಯುತ್ತದೆ. 1868ರ ಅಕ್ಟೋಬರ್‌ನಲ್ಲಿ 45ನೇ ವಯಸ್ಸಿಗೆ ಪಾರ್ಶ್ವವಾಯು ಬಡಿದು ಎಡಗೈ ಎಡಗಾಲು ಸರಿಯಾಗಿ ಬರದಾದವು. ಲಸಿಕೆಗಳ ಕೆಲಸವೆಲ್ಲ ಅದಾದ ಮೇಲಿನದು.

ಹತ್ತಿಯಲ್ಲಿ ಸುತ್ತಿದ ಗೊಂಚಲು

1878ರಲ್ಲಿ ಕ್ಲೋದ್ ಬರ್ನಾರ್ ತೀರಿಕೊಂಡರು. ಶರೀರಶಾಸ್ತ್ರದ ಮಹಾನ್ ವಿಜ್ಞಾನಿ, ಪಾಶ್ಚರ್‌ಗೆ ಬೇಕಾದವರು. ಆದರೆ ಅವರ ಮೇಜಿನ ಖಾನೆಯಲ್ಲಿ ಸಿಕ್ಕ ಟಿಪ್ಪಣಿಗಳು ಅಚ್ಚಾದಾಗ, ಯೀಸ್ಟ್ ಇಲ್ಲದೆಯೂ ದ್ರಾಕ್ಷಿ ರಸ ಹುದುಗುತ್ತದೆ ಅನ್ನೋ ವಾದ ಅದರಲ್ಲಿತ್ತು. ತೀರಿಹೋದ ಹಿರಿಯರ ಜೊತೆ ವಾದ ಮಾಡೋದು ಹೇಗೆ? ಪಾಶ್ಚರ್ ಪ್ರಯೋಗಕ್ಕೆ ಇಳಿದರು.

ಅರ್ಬ್ವಾ ಹತ್ತಿರ ಅವರದೇ ಒಂದು ಸಣ್ಣ ದ್ರಾಕ್ಷಿ ತೋಟ ಇತ್ತು. ಅವಸರದಲ್ಲಿ ಗಾಜಿನ ಮನೆಗಳನ್ನು ಮಾಡಿಸಿ, ದ್ರಾಕ್ಷಿ ಇನ್ನೂ ಕಾಯಿ ಇರುವಾಗಲೇ ಕೆಲವು ಬಳ್ಳಿಗಳಿಗೆ ಮುಚ್ಚಿದರು. ಕಾಯಿಯ ಮೇಲೆ ಆಗ ಯೀಸ್ಟ್ ಇನ್ನೂ ಬಂದಿರಲಿಲ್ಲ ಅನ್ನೋದನ್ನು ಮೊದಲೇ ನೋಡಿಕೊಂಡಿದ್ದರು. ಗಾಜಿನ ಒಳಗೂ ಕೆಲವು ಗೊಂಚಲಿಗೆ ಹತ್ತಿ ಸುತ್ತಿದರು. ಅಕ್ಟೋಬರ್‌ನಲ್ಲಿ ಹಣ್ಣಾದ ಮೇಲೆ ಹಿಸುಕಿದಾಗ ಬಯಲಿನ ಗೊಂಚಲಿನ ರಸ ಎರಡು ದಿನದೊಳಗೆ ಹುದುಗಿತು, ಹತ್ತಿ ಸುತ್ತಿದ್ದರ ರಸ ಹಾಗೇ ಉಳಿಯಿತು. ಹತ್ತಿ ಸುತ್ತಿದ ಗೊಂಚಲುಗಳನ್ನು ಪ್ಯಾರಿಸ್ಸಿನ ಅಕಾಡೆಮಿಗೆ ಒಯ್ಯಬೇಕಿತ್ತು. ಅಲುಗಬಾರದು ಅಂತ ರೈಲಿನಲ್ಲಿ ಹೆಂಡತಿ ಮತ್ತು ಮಗಳು ಸರದಿಯ ಮೇಲೆ ನೆಟ್ಟಗೆ ಹಿಡಿದು ಕೂತರು.

ಮನೆಯ ವೈನಿಗೆ ಇದರಿಂದ ಸಿಗುವ ಪಾಠ ದೊಡ್ಡದು. ದ್ರಾಕ್ಷಿಯ ಮೇಲಿನ ಬಿಳಿ ಪುಡಿಯೇ ಯೀಸ್ಟ್ ಅಂತ ಬಹಳ ಜನ ನಂಬಿದ್ದಾರೆ. ಅದು ಹಣ್ಣಿನ ಮೇಣ. ಅದರ ಮೇಲೆ ಗಾಳಿಯಿಂದ, ಹುಳದಿಂದ ಬಂದ ಬೇರೆ ಬೇರೆ ಜೀವಿಗಳು ಕೂತಿರುತ್ತವೆ. ಯೀಸ್ಟ್ ಇರುತ್ತದೆ, ವಿನೆಗರ್ ಜೀವಿಯೂ ಇರುತ್ತದೆ. ಒಡೆದ, ಕೊಳೆತ ಹಣ್ಣಿನಲ್ಲಿ ಎರಡನೆಯದು ಹೆಚ್ಚು. ಏನೂ ಹಾಕದೆ ತಾನಾಗಿ ಹುದುಗಲಿ ಅಂತ ಬಿಟ್ಟವರು ಯಾರು ಮೊದಲು ಗೆಲ್ಲುತ್ತಾರೋ ಅಂತ ಜೂಜು ಆಡಿದ ಹಾಗೆ.

ನಮ್ಮ ತಳ್ಳುಗಾಡಿಯ ದ್ರಾಕ್ಷಿ

ಇನ್ನು ತಳಿಯ ವಿಚಾರ. ಬೆಂಗಳೂರಿನ ಕ್ರಿಸ್‌ಮಸ್ ವೈನ್ ವಿಧಾನಗಳು ಹೆಚ್ಚಾಗಿ ಹುಟ್ಟಿದ್ದು ಬೆಂಗಳೂರು ನೀಲಿ ದ್ರಾಕ್ಷಿಗೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ, ಭೌಗೋಳಿಕ ಗುರುತು ಪಡೆದ ತಳಿ. ಇದು ಅಮೆರಿಕ ಮೂಲದ ಲಾಬ್ರುಸ್ಕಾ ಬಳಗದ್ದು. ಬೀಜ ಇದೆ, ಸಿಪ್ಪೆ ದಪ್ಪ, ಒಳಗೆ ಜೆಲ್ಲಿಯಂಥ ತಿರುಳು, ಘಾಟು ಪರಿಮಳ, ಹುಳಿ ಜಾಸ್ತಿ. ಹಾಗಾಗಿ ಆ ವಿಧಾನದಲ್ಲಿ ಸಕ್ಕರೆಯೂ ನೀರೂ ಧಾರಾಳ.

ಹುಲಗೂರು, ಶಿಗ್ಗಾವಿ ಕಡೆ ಬೇಸಿಗೆಯಲ್ಲಿ ತಳ್ಳುಗಾಡಿಗೆ ಬರುವುದು ಸಾಮಾನ್ಯವಾಗಿ ಬೇರೆ. ಹಸಿರಾದರೆ ವಿಜಯಪುರ ಸೀಮೆಯಲ್ಲಿ ಹೆಚ್ಚಾಗಿ ಬೆಳೆಯುವ ಥಾಮ್ಸನ್ ಸೀಡ್‌ಲೆಸ್ ಮತ್ತು ಅದರ ಬಳಗ. ಕಪ್ಪಾದರೆ ಶರದ್ ಸೀಡ್‌ಲೆಸ್‌ನಂಥವು. ಇವು ವಿನಿಫೆರಾ ಜಾತಿಯವು, ತಿನ್ನಲಿಕ್ಕೆ ಬೆಳೆಸಿದವು. ಸಿಹಿ ಜಾಸ್ತಿ, ಹುಳಿ ಕಡಿಮೆ, ಸಿಪ್ಪೆ ತೆಳು. ಕಪ್ಪು ದ್ರಾಕ್ಷಿ ಅಂತ ಬರೆದ ವಿಧಾನ ಓದಿ ಕಪ್ಪು ದ್ರಾಕ್ಷಿಯನ್ನೇ ತಂದರೂ ತಂದದ್ದು ಬೇರೆ ಹಣ್ಣು. ಹುಳಿ ಕಡಿಮೆ ಅಂದರೆ ಪಿಎಚ್ ಹೆಚ್ಚು. ಪಿಎಚ್ 3.6 ದಾಟಿದರೆ ಕೆಡಿಸುವ ಬ್ಯಾಕ್ಟೀರಿಯಾಕ್ಕೆ ಅನುಕೂಲ. ಸಕ್ಕರೆಯ ಲೆಕ್ಕವೂ ಹಾಗೇ. ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆಗೆ ಶೇ. 1 ಆಲ್ಕೋಹಾಲ್. ಮೊದಲೇ 200 ಗ್ರಾಂ ಸಕ್ಕರೆ ಇರುವ ರಸ ತಾನಾಗಿಯೇ ಶೇ. 12ರ ಹತ್ತಿರ ಹೋಗುತ್ತದೆ. ಅದಕ್ಕೆ ಮತ್ತೆ ಕೆಜಿಗಟ್ಟಲೆ ಸಕ್ಕರೆ ಸುರಿದರೆ ಯೀಸ್ಟ್ ಉಸಿರು ಬಿಡಲಾರದೆ ಅರ್ಧಕ್ಕೇ ನಿಲ್ಲುತ್ತದೆ. ಆಗ ಸಿಗುವುದು ಪಾನಕ. ಅರ್ಧಕ್ಕೆ ನಿಂತದ್ದನ್ನು ಮುಗಿಯಿತು ಅಂತ ಬಾಟಲಿಗೆ ತುಂಬಿದರೆ, ಸೆಕೆ ಏರಿದಾಗ ಅದು ಮತ್ತೆ ಹುದುಗಲು ಶುರುವಾಗಿ, ಮೊದಲು ಹೇಳಿದ ನೇರಳೆ ಗೋಡೆ. ಕೆಸ್ಟ್ನರ್ ಕಾರ್ಖಾನೆಯಲ್ಲಿ ಗಸಿ ಬದಲಾದದ್ದೂ ಇಲ್ಲಿ ದ್ರಾಕ್ಷಿ ಬದಲಾದದ್ದೂ ಒಂದೇ ಕಥೆ. ವಿಧಾನ ಮಾತ್ರ ಪ್ರಯಾಣ ಮಾಡಿತು, ಹಣ್ಣು ಅಲ್ಲೇ ಉಳಿಯಿತು.

ಕೊನೆಯ ಲೆಕ್ಕ

1885ರ ಜುಲೈ 6ರಂದು ಹುಚ್ಚುನಾಯಿ ಕಡಿದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಲಸಿಕೆ ಕೊಡಿಸಿದಾಗ ಪಾಶ್ಚರ್ ಲೋಕಪ್ರಸಿದ್ಧರಾದರು. ತಾವು ವೈದ್ಯರಲ್ಲದ ಕಾರಣ ಸೂಜಿ ಚುಚ್ಚಿದ್ದು ಬೇರೆಯವರು. 1888ರಲ್ಲಿ ಪ್ಯಾರಿಸ್ಸಿನಲ್ಲಿ ಪಾಶ್ಚರ್ ಸಂಸ್ಥೆ ಶುರುವಾಯ್ತು. ಅದೇ ಹೆಸರಿನ ಸಂಸ್ಥೆ 1907ರಲ್ಲಿ ನಮ್ಮ ಪಕ್ಕದ ನೀಲಗಿರಿಯ ಕೂನೂರಿಗೂ ಬಂತು. 1895ರ ಸೆಪ್ಟೆಂಬರ್ 28ರಂದು ಅವರು ತೀರಿಕೊಂಡರು.

ಎರಡೇ ವರ್ಷಕ್ಕೆ, 1897ರಲ್ಲಿ, ಜರ್ಮನಿಯ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳಿನ ಜೊತೆ ಅರೆದು ಹಿಂಡಿ ರಸ ತೆಗೆದರು. ಕೆಡದಿರಲಿ ಅಂತ ಸಕ್ಕರೆ ಹಾಕಿದರೆ ಆ ರಸ ಗುಳ್ಳೆ ಬಿಡತೊಡಗಿತು. ಒಳಗೆ ಬದುಕಿರುವ ಕೋಶ ಒಂದೂ ಇಲ್ಲ, ಆದರೂ ಹುದುಗು. ಅಂದರೆ ಹುದುಗಿಗೆ ಜೀವಂತ ಕೋಶವೇ ಬೇಕು ಅನ್ನೋ ಪಾಶ್ಚರ್ ಮಾತು ಪೂರ್ತಿ ನಿಜವಲ್ಲ, ಕೋಶದೊಳಗಿನ ಕಿಣ್ವ ಸಾಕು. ಲೀಬಿಗ್ ಮತ್ತು ಬರ್ನಾರ್ ಹೇಳಿದ್ದರಲ್ಲೂ ಒಂದು ಎಳೆ ಸತ್ಯ ಇತ್ತು. ಬುಕ್ನರ್‌ಗೆ 1907ರಲ್ಲಿ ನೊಬೆಲ್ ಬಂತು. ಹಾಗಂತ ಪಾಶ್ಚರ್ ಸೋತರು ಅನ್ನೋಕಾಗಲ್ಲ. ಆ ಕಿಣ್ವ ಮಾಡುವುದು ಯೀಸ್ಟೇ, ಹತ್ತಿ ಸುತ್ತಿದ ದ್ರಾಕ್ಷಿ ಇವತ್ತಿಗೂ ತಾನಾಗಿ ವೈನ್ ಆಗೋದಿಲ್ಲ.

ಇನ್ನೊಂದು ಲೆಕ್ಕವೂ ಉಂಟು. ಪಾಶ್ಚರ್ ತಮ್ಮ ಲ್ಯಾಬ್ ಪುಸ್ತಕಗಳನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಮೊಮ್ಮಗ ಅವುಗಳನ್ನು 1964ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಟ್ಟ ಮೇಲೆ ಇತಿಹಾಸಕಾರರು ಓದಿದರು. 1881ರ ಪ್ರಸಿದ್ಧ ಆಂಥ್ರಾಕ್ಸ್ ಪ್ರಯೋಗದಲ್ಲಿ ಅವರು ಕುರಿಗಳಿಗೆ ಕೊಟ್ಟ ಲಸಿಕೆ, ಲೋಕ ಅಂದುಕೊಂಡಂತೆ ಗಾಳಿಯಿಂದ ದುರ್ಬಲ ಮಾಡಿದ್ದಲ್ಲ. ಸಹಾಯಕ ಶಾಂಬರ್ಲಾನ್ ರಾಸಾಯನಿಕದಿಂದ ತಯಾರಿಸಿದ್ದು. ಅದನ್ನು ಪಾಶ್ಚರ್ ಬಹಿರಂಗವಾಗಿ ಹೇಳಲಿಲ್ಲ. ಗೋಡೆಯ ಮೇಲೆ ಫೋಟೋ ಹಾಕಿ ಕೈಮುಗಿಯುವುದಕ್ಕಿಂತ ಇದನ್ನೂ ಸೇರಿಸಿ ಓದುವುದೇ ಅವರಿಗೆ ಕೊಡುವ ಮರ್ಯಾದೆ ಅಂತ ನಮ್ಮ ಅನಿಸಿಕೆ.

ಬೇರೆಯವರಿಗೆ ಹೇಳದಿದ್ದದ್ದನ್ನೂ ಅವರು ತಮ್ಮ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಸುಮಾರು ನೂರು ಸಂಪುಟ. ಕೆಟ್ಟ ತೊಟ್ಟಿ ಯಾವುದು, ತಪ್ಪಿದ ಊಹೆ ಯಾವುದು, ಎಲ್ಲಕ್ಕೂ ದಿನಾಂಕ ಇದೆ. ಲ್ಯಾಬ್ ರೆಕಾರ್ಡಿನಲ್ಲಿ ಗ್ರಾಫ್ ನೇರ ಬರಲಿ ಅಂತ ಹೊಂದದ ರೀಡಿಂಗನ್ನು ನಾವು ಎಷ್ಟು ಸಲ ರಬ್ಬರಿನಿಂದ ಅಳಿಸಲ್ಲ? ಬಿಗೋ ಅವರ ಕಾರ್ಖಾನೆಯಲ್ಲಿ ಹುಳಿ ತೊಟ್ಟಿಯನ್ನು ಚರಂಡಿಗೆ ಸುರಿದು ತೊಳೆದುಬಿಟ್ಟಿದ್ದರೆ, ಮೈಕ್ರೋಸ್ಕೋಪಿನ ಕೆಳಗೆ ಇಡಲು ಏನೂ ಇರುತ್ತಿರಲಿಲ್ಲ.